ವೀಳ್ಯ ಕೊಟ್ಟವರು ಯಾರು, ಹೊಣೆ ಹೊತ್ತವರು ಯಾರು?

ಸುಗ್ಗಿಯ ಕೆಲಸ ಮುಗಿದು ಕಣಗಳು ಬರಿದಾದೊಡನೆ ಘಟಪ್ರಭೆಯ ಎರಡೂ ದಂಡೆಗಳ ಮೇಲೆ ಜಾತ್ರೆಗಳ ಕಾಲ ತೊಡಗುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳ ಸೀಮೆಯಲ್ಲಿ ಜಾತ್ರೆಯೆಂದರೆ ತೇರು, ತೆಂಗಿನಕಾಯಿ, ಬೆಂಡು ಬತ್ತಾಸುಗಳಷ್ಟೇ ಅಲ್ಲ. ಅದರೊಡನೆ ಆಟವೂ ಇರಲೇಬೇಕು. ಒಂದು ಊರಿನಲ್ಲಿ ರಾತ್ರಿಯಿಡೀ ಶ್ರೀಕೃಷ್ಣ ಪಾರಿಜಾತ. ಪಕ್ಕದ ಊರಿನಲ್ಲಿ ತರುಣ ಸಂಘದವರ ಸಾಮಾಜಿಕ ನಾಟಕ. ಮತ್ತೊಂದು ಊರಿನಲ್ಲಿ ಬಣ್ಣದ ದೀಪಗಳ ರಸಮಂಜರಿ. ಬೆಳಗಿನ ಜಾವದವರೆಗೆ ಕಂಬಳಿ ಹೊದ್ದು ಕುಳಿತು ನೋಡುವ ಜನಕ್ಕೆ ಆಟ ಚೆನ್ನಾಗಿ ಆಯಿತೋ ಇಲ್ಲವೋ ಎಂಬುದಷ್ಟೇ ಮುಖ್ಯ. ಆಟಗಾರರು ಯಾರ ಮಾತಿನ ಮೇಲೆ ಬಂದರು, ಅವರ ಬಿದಾಗಿ ಯಾರ ಕೈಯಿಂದ ಎಷ್ಟು ಸಂದಿತು ಎಂಬ ವಿಚಾರ ಪ್ರೇಕ್ಷಕರ ಮನಸ್ಸಿಗೆ ಹೊಳೆಯುವುದೇ ಇಲ್ಲ. ಆ ಹೊಳೆಯದ ವಿಚಾರವನ್ನೇ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಎಲೆ ಅಡಿಕೆಯ ಕರಾರು

ಗೋಕಾಕ-ಮೂಡಲಗಿ ಸೀಮೆ ಪಾರಿಜಾತದ ತವರು. ಅಪರಾಳ ತಮ್ಮಣ್ಣನ ಕೃತಿಯನ್ನು ಜನರ ಬಾಯಲ್ಲಿ ನಿಲ್ಲಿಸಿ ಮೆರೆಸಿದ ಕುಲಗೋಡ ತಮ್ಮಣ್ಣ ಈ ಸೀಮೆಯವನು. ಅವನ ತರುವಾಯ ಪಾರಿಜಾತದೊಡನೆ ಬೆರೆತುಹೋದ ಹೆಸರು ಕೌಜಲಗಿ ನಿಂಗಮ್ಮನದು. ಹೆಣ್ಣುಮಕ್ಕಳು ಬಯಲಾಟದ ಅಟ್ಟವನ್ನು ಏರುವುದೇ ಅಪರೂಪವಾಗಿದ್ದ ಕಾಲದಲ್ಲಿ ಈಕೆಯ ಮೇಳ ಊರೂರು ತಿರುಗಿ ಹೆಸರು ಗಳಿಸಿತು.

ಆ ಕಾಲದಲ್ಲಿ ಆಟವನ್ನು ಗೊತ್ತುಪಡಿಸುವ ರೀತಿ ಸರಳವಾಗಿತ್ತು. ಊರ ಹಿರಿಯರು ಮೇಳದ ಮುಖ್ಯಸ್ಥನ ಮನೆಗೆ ಹೋಗಿ ವೀಳ್ಯ ಕೊಡುತ್ತಿದ್ದರು. ಎಲೆ ಅಡಿಕೆಯ ಜೊತೆಗೆ ಒಂದಿಷ್ಟು ಸಂಚಕಾರದ ಹಣ; ಅಷ್ಟೇ. ವೀಳ್ಯ ಹಿಡಿದ ಮೇಲೆ ಮಳೆ ಬರಲಿ, ಹೊಳೆ ಬರಲಿ, ಮೇಳ ಬಂದೇ ಬರಬೇಕು; ವೀಳ್ಯ ಕೊಟ್ಟ ಊರು ಊಟ, ಬಿಡಾರ, ಬಿದಾಗಿಗಳಿಗೆ ಹೊಣೆಯಾಗಲೇಬೇಕು. ಮರಾಠಿ ನಾಡಿನ ತಮಾಷಾ ಫಡಗಳಲ್ಲಿ ಇದಕ್ಕೇ ಸುಪಾರಿ ಎಂದು ಹೆಸರು. ಇಂದು ಚಲನಚಿತ್ರಗಳ ದೆಸೆಯಿಂದ ಸುಪಾರಿ ಎಂದೊಡನೆ ಕೊಲೆಗಡುಕರ ನೆನಪಾಗುವಂತಾಗಿದೆ! ಆದರೆ ಅಡಿಕೆ ಹಿಡಿದು ಮಾತು ಕೊಡುವ ಆ ಪದ್ಧತಿಯ ಹಿಂದೆ ಇದ್ದದ್ದು ಮರ್ಯಾದೆಯ ಕರಾರು. ಕೊಡುವವನೂ ಹಿಡಿಯುವವನೂ ಎದುರುಬದುರು ಕುಳಿತಿರುತ್ತಿದ್ದರು. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿತ್ತು. ಕಾಗದವಿಲ್ಲದಿದ್ದರೂ ಅದು ನಡೆದದ್ದು ಈ ಕಾರಣದಿಂದ.

ನಡುವೆ ಬಂದ ಮನುಷ್ಯ

ಇಂದಿನ ಏರ್ಪಾಡು ಹಾಗಿಲ್ಲ. ತರುಣ ಸಂಘದವರು ನಾಟಕ ಆಡಬೇಕೆಂದರೆ ಗಂಡು ಪಾತ್ರಗಳಿಗೆ ಊರ ಹುಡುಗರೇ ಇದ್ದಾರೆ. ತಿಂಗಳುಗಟ್ಟಲೆ ತಾಲೀಮು ನಡೆಸುತ್ತಾರೆ. ಆದರೆ ಸ್ತ್ರೀಪಾತ್ರಗಳಿಗೆ ಹೊರಗಿನಿಂದ ಕಲಾವಿದೆಯರು ಬರಬೇಕು. ಪರದೆ, ಸೀನರಿ, ವೇಷಭೂಷಣ, ಧ್ವನಿವರ್ಧಕ, ಹಾರ್ಮೋನಿಯಂ ಮಾಸ್ತರ, ತಬಲಾಜಿ ಇವರೆಲ್ಲರನ್ನೂ ಗೊತ್ತುಪಡಿಸಬೇಕು. ಇವುಗಳನ್ನೆಲ್ಲ ಒಂದೇ ಕಡೆ ಒದಗಿಸುವ ಡ್ರಾಮಾ ಸೀನ್ಸ್ ಅಂಗಡಿಗಳು ಪೇಟೆಯ ಊರುಗಳಲ್ಲಿವೆ. ಪರದೆ ಬಾಡಿಗೆಗೆ ಕೊಡುವವನೇ ಕಲಾವಿದೆಯರನ್ನೂ ಕರೆಸಿ ಕೊಡುತ್ತಾನೆ. ರಸಮಂಜರಿಯಾದರೆ ಅದಕ್ಕೆ ಬೇರೆ ಏಜಂಟರು. ಬನಶಂಕರಿಯ ಜಾತ್ರೆಗೋ ಶಿರಸಿಯ ಮಾರಿಕಾಂಬೆಯ ಜಾತ್ರೆಗೋ ಹೋಗಿ ಡೇರೆ ಹೊಡೆಯುವ ವೃತ್ತಿ ಕಂಪನಿಗಳಲ್ಲಿ ಕಂಪನಿಯ ಮಾಲೀಕನೇ ಒಡೆಯ, ಅವನೇ ಸಂಬಳ ಕೊಡುವವನು. ಇಲ್ಲಿ ಹಾಗಲ್ಲ. ಕರೆಸುವ ಕಮಿಟಿ ಒಂದು ಕಡೆ, ಆಡುವ ಕಲಾವಿದೆ ಇನ್ನೊಂದು ಕಡೆ. ನಡುವೆ ಒಬ್ಬ, ಕೆಲವೊಮ್ಮೆ ಇಬ್ಬರು ಮೂವರು ದಲಾಲರು.

ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ಜಾತ್ರಾ ಕಮಿಟಿ ಒಬ್ಬ ಕಲಾವಿದೆಗೆಂದು ನೂರು ರೂಪಾಯಿ ತೆಗೆದಿರಿಸಿತೆನ್ನಿ. ಸೀನ್ಸಿನವನು ಅದನ್ನು ಪಡೆದು, ಬೇರೊಂದು ಊರಿನ ಪರಿಚಯದವನಿಗೆ ಎಂಬತ್ತು ಎನ್ನುತ್ತಾನೆ. ಅವನು ಕಲಾವಿದೆಗೆ ಅರವತ್ತು ಎನ್ನುತ್ತಾನೆ. ಕಮಿಟಿಗೆ ಅರವತ್ತರ ಸಂಗತಿ ತಿಳಿಯದು, ಕಲಾವಿದೆಗೆ ನೂರರ ಸಂಗತಿ ತಿಳಿಯದು. ನಡುವಿನವನು ಲಾಭ ಪಡೆದದ್ದು ತಪ್ಪೆಂದು ನಾವು ಹೇಳುತ್ತಿಲ್ಲ. ಹತ್ತೂರು ಓಡಾಡಿ ಕಲಾವಿದರ ಪರಿಚಯವಿಟ್ಟುಕೊಂಡು, ಒಬ್ಬರು ಕೈಕೊಟ್ಟರೆ ಇನ್ನೊಬ್ಬರನ್ನು ನಿಲ್ಲಿಸುವವನ ಶ್ರಮಕ್ಕೆ ಬೆಲೆಯಿದೆ. ಆ ಬೆಲೆ ಬೆಳಕಿನಲ್ಲಿ ಇರಬೇಕು ಎಂಬುದಷ್ಟೇ ನಮ್ಮ ಮಾತು.

ಹಣಕ್ಕಿಂತ ದೊಡ್ಡದು ಇನ್ನೊಂದಿದೆ. ಆಟ ಮುಗಿಯುವುದು ಬೆಳಗಿನ ಜಾವಕ್ಕೆ. ಬಣ್ಣ ತೊಳೆದುಕೊಂಡ ಹೆಣ್ಣುಮಗಳು ಅಪರಿಚಿತ ಊರಿನ ಬಸ್ ನಿಲ್ದಾಣದಲ್ಲಿ ನಿಂತಿರುವಾಗ ಕಮಿಟಿಯವರು, “ಹಣವನ್ನೆಲ್ಲ ನಿಮ್ಮ ಮನುಷ್ಯನಿಗೇ ಕೊಟ್ಟಿದ್ದೇವೆ” ಎನ್ನುತ್ತಾರೆ. ಆ ಮನುಷ್ಯ, “ಕಮಿಟಿಯವರು ಇನ್ನೂ ಕೊಟ್ಟಿಲ್ಲ” ಎನ್ನುತ್ತಾನೆ. ಆಕೆಯ ಊಟ, ಬಿಡಾರ, ಮರುಪ್ರಯಾಣ, ಮಾನರಕ್ಷಣೆ ಇವುಗಳಿಗೆ ಹೊಣೆ ಯಾರು? ವೀಳ್ಯದ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರವಿತ್ತು. ನಡುವೆ ಒಬ್ಬ ಬಂದೊಡನೆ ಉತ್ತರ ಮಾಯವಾಯಿತು.

ಕಾಯಿದೆಯ ಕಣ್ಣಿಗೆ ಕಾಣುವುದೇನು?

ನಾಟಕಗಳ ಮೇಲೆ ಸರಕಾರದ ಕಣ್ಣು ಇಲ್ಲವೆಂದಲ್ಲ. 1876ರಲ್ಲಿಯೇ ಬ್ರಿಟಿಷರು ನಾಟಕ ಪ್ರದರ್ಶನಗಳ ಕಾಯಿದೆಯನ್ನು ತಂದರು. ಅವರಿಗೆ ಇದ್ದ ಚಿಂತೆ ನಟರ ಸಂಬಳದ್ದಲ್ಲ. ನಾಟಕದಿಂದ ರಾಜದ್ರೋಹ ಹಬ್ಬೀತೆಂಬುದು. ಆ ಕಾಯಿದೆ ಸ್ವತಂತ್ರ ಭಾರತದಲ್ಲಿಯೂ ಉಳಿದುಕೊಂಡು ಬಂದು 2018ರಲ್ಲಿ ರದ್ದಾಯಿತು. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ 1951ರ ಮುಂಬಯಿ ಪೊಲೀಸ್ ಕಾಯಿದೆ, ಏಕೀಕರಣದ ನಂತರ 1963ರ ನಮ್ಮ ರಾಜ್ಯದ ಪೊಲೀಸ್ ಕಾಯಿದೆ ಸಾರ್ವಜನಿಕ ಮನೋರಂಜನೆಯ ಸ್ಥಳಗಳಿಗೆ ಪರವಾನಗಿಯ ಕಟ್ಟಳೆಗಳನ್ನು ಹಾಕಲು ಅಧಿಕಾರ ಕೊಟ್ಟವು. ಧ್ವನಿವರ್ಧಕಕ್ಕೆ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳುಂಟು: ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಅದನ್ನು ಹಚ್ಚುವಂತಿಲ್ಲ, ವರ್ಷದಲ್ಲಿ 15 ದಿನಗಳಿಗೆ ಮೀರದಂತೆ ರಾಜ್ಯ ಸರಕಾರ ನಡುರಾತ್ರಿಯವರೆಗೆ ರಿಯಾಯತಿ ಕೊಡಬಹುದು. ಅಂದರೆ ಡೇರೆ, ದೀಪ, ಗದ್ದಲ, ಗುಂಪು ಇವೆಲ್ಲ ಕಾಯಿದೆಯ ಕಣ್ಣಿಗೆ ಬಿದ್ದಿವೆ. ಬೀಳದೆ ಉಳಿದದ್ದು ಒಂದೇ: ಆಡುವವರ ಕೂಲಿ.

ಬುಕಿಂಗ್ ಕಚೇರಿಯನ್ನು ತೆರೆದವನು 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯಂತೆ ನೋಂದಣಿ ಮಾಡಿಸಬೇಕು, ನಿಜ. ಆದರೆ ಅದು ಕಿರಾಣಿ ಅಂಗಡಿಗೂ ಕೇಶಕರ್ತನಾಲಯಕ್ಕೂ ಒಂದೇ. ಕಲಾವಿದರನ್ನು ಕೆಲಸಕ್ಕೆ ಹಚ್ಚಿ ಪಾಲು ಪಡೆಯುವವನ ವಿಶೇಷವಾದ ಹೊಣೆಯನ್ನು ಆ ನೋಂದಣಿ ಹೇಳುವುದಿಲ್ಲ.

ಇದಕ್ಕೆ ಪ್ರತಿಯಾಗಿ ಇದೇ ಸೀಮೆಯ ಇನ್ನೊಂದು ವ್ಯವಹಾರವನ್ನು ನೋಡಿರಿ. ಇದು ಕಬ್ಬಿನ ನಾಡು. ಗೋಕಾಕ, ಮಹಾಲಿಂಗಪುರಗಳ ಪೇಟೆಗೆ ರೈತ ಬೆಲ್ಲದ ಪೆಂಟೆಗಳನ್ನು ತರುತ್ತಾನೆ. ಅವನ ಮಾಲನ್ನು ಮಾರಿಸಿ ಕೊಡುವ ದಲಾಲಿ ಅಂಗಡಿಯವನು 1966ರ ಕೃಷಿ ಮಾರುಕಟ್ಟೆ ಕಾಯಿದೆಯಂತೆ ಮಾರುಕಟ್ಟೆ ಸಮಿತಿಯ ಲೈಸೆನ್ಸ್ ಪಡೆದಿರಬೇಕು. ಹಮಾಲರಿಗೂ ತೂಕದವರಿಗೂ ಲೈಸೆನ್ಸ್ ಉಂಟು. ದಲಾಲಿಯನ್ನು ಕೊಳ್ಳುವವನಿಂದ ಪಡೆಯಬೇಕೇ ಹೊರತು ರೈತನ ಪಟ್ಟಿಯಲ್ಲಿ ಕಡಿಯಬಾರದೆಂದು ನಿಯಮ. ಈ ನಿಯಮ ಎಲ್ಲ ಕಡೆ ಅಕ್ಷರಶಃ ನಡೆಯುತ್ತದೆಯೇ ಎಂದರೆ ರೈತರು ನಕ್ಕಾರು. ಅದು ಬೇರೆ ಮಾತು. ಆದರೆ ಕಡಿದಾಗ, “ಏಕೆ ಕಡಿದೆ?” ಎಂದು ಕೇಳಲು ಒಂದು ನಿಯಮವಿದೆ, ದೂರು ಒಯ್ಯಲು ಒಂದು ಸಮಿತಿಯಿದೆ. ಬೆಲ್ಲಕ್ಕೆ ಇರುವ ಈ ಕಾವಲು ಗೆಜ್ಜೆಗೆ ಇಲ್ಲ.

ಪರನಾಡಿನವರು ಮಾಡಿದ್ದು

ಕೆಲಸ ಕೊಡಿಸುವ ದಲಾಲರ ಕಾಟ ನಮ್ಮ ನಾಡಿಗೆ ಮಾತ್ರ ಮೀಸಲಲ್ಲ. ಇಂಗ್ಲೆಂಡಿನಲ್ಲಿ ಸುಳ್ಳು ಮ್ಯಾನೇಜರರು ನಟರ ತಂಡ ಕಟ್ಟಿಕೊಂಡು ಊರೂರು ತಿರುಗಿ, ಕಲೆಕ್ಷನ್ ಕಡಿಮೆಯಾದೊಡನೆ ನಟರನ್ನು ಪರಸ್ಥಳದಲ್ಲಿ ಕೈಬಿಟ್ಟು ಓಡಿಹೋಗುತ್ತಿದ್ದರು. ಇದನ್ನು ತಡೆಯಲು ಅಲ್ಲಿಯ ಪಾರ್ಲಿಮೆಂಟು 1925ರಲ್ಲಿ ನಟರನ್ನು ನೇಮಿಸಿಕೊಳ್ಳುವವರ ನೋಂದಣಿಗೆಂದೇ ಒಂದು ಕಾಯಿದೆಯನ್ನು ಮಾಡಿತು. ಮುಂದೆ 1973ರಲ್ಲಿ ಎಲ್ಲ ಬಗೆಯ ಉದ್ಯೋಗ ಏಜನ್ಸಿಗಳಿಗೂ ಅನ್ವಯಿಸುವ ಕಾಯಿದೆ ಬಂತು. ಕುತೂಹಲದ ಸಂಗತಿಯೆಂದರೆ, 1995ರಲ್ಲಿ ಅವರು ಲೈಸೆನ್ಸಿನ ಪದ್ಧತಿಯನ್ನೇ ತೆಗೆದುಹಾಕಿದರು. ಆದರೆ ನಡವಳಿಕೆಯ ನಿಯಮಗಳನ್ನು ಬಿಡಲಿಲ್ಲ, ಬಿಗಿಗೊಳಿಸಿದರು. ಸಾಮಾನ್ಯವಾಗಿ ಕೆಲಸ ಹುಡುಕುವವರಿಂದ ಏಜನ್ಸಿ ಹಣ ತೆಗೆದುಕೊಳ್ಳುವಂತಿಲ್ಲ. ನಟರು, ಗಾಯಕರು, ವಾದ್ಯಗಾರರ ಮಟ್ಟಿಗೆ ವಿನಾಯಿತಿಯಿದೆ: ಕೆಲಸ ಕೊಡಿಸಿದ ಮೇಲೆ ಅವರ ಗಳಿಕೆಯಲ್ಲಿ ಪಾಲು ಪಡೆಯಬಹುದು. ಹೆಸರು-ಭಾವಚಿತ್ರಗಳನ್ನು ಪಟ್ಟಿಯಲ್ಲಿ ಸೇರಿಸುವುದಕ್ಕೆ ಶುಲ್ಕ ಕೇಳಿದರೆ, ಕಲಾವಿದರಿಗೆ ಮನಸ್ಸು ಬದಲಿಸಲು 30 ದಿನಗಳ ಅವಕಾಶ ಕೊಡಬೇಕು.

ಅಮೇರಿಕದ ಕ್ಯಾಲಿಫೋರ್ನಿಯಾ ಚಲನಚಿತ್ರದ ರಾಜಧಾನಿ ಹಾಲಿವುಡ್ ಇರುವ ಸಂಸ್ಥಾನ. ಅಲ್ಲಿ ಕಲಾವಿದರಿಗೆ ಕೆಲಸ ಗೊತ್ತುಪಡಿಸುವವನು ಕಾರ್ಮಿಕ ಕಮೀಶನರರಿಂದ ಲೈಸೆನ್ಸ್ ಪಡೆಯಲೇಬೇಕು. 50,000 ಡಾಲರುಗಳ ಜಾಮೀನುಪತ್ರ ಇಡಬೇಕು. ತನ್ನ ದರಪಟ್ಟಿಯನ್ನು ಕಮೀಶನರರಿಗೆ ಒಪ್ಪಿಸಬೇಕು. ಹೆಸರು ದಾಖಲು ಮಾಡಿಸಲು ಶುಲ್ಕ ಪಡೆಯಕೂಡದು. ನಾನು ಏಜಂಟನಲ್ಲ, ಬರಿಯ ಮ್ಯಾನೇಜರ ಎಂದು ಹೆಸರು ಬದಲಿಸಿಕೊಂಡರೆ ತಪ್ಪಿಸಿಕೊಳ್ಳಬಹುದೇ? ಜೆಫರ್ಸನ್ ಏರ್‌ಪ್ಲೇನ್ ಎಂಬ ಗಾಯನ ತಂಡದವರ ಪ್ರಕರಣದಲ್ಲಿ 1967ರಲ್ಲಿ ಅಲ್ಲಿಯ ನ್ಯಾಯಾಲಯ ಈ ಪ್ರಶ್ನೆಯನ್ನು ವಿಚಾರಿಸಿತು. ಕಾಗದದ ಮೇಲೆ ಬರೆದ ಹೆಸರಲ್ಲ, ಅವನು ನಿಜವಾಗಿ ಮಾಡುವ ಕೆಲಸವೇ ಪ್ರಮಾಣ ಎಂಬುದು ಆ ತೀರ್ಪಿನ ಸಾರ. ನಮ್ಮ ಸೀನ್ಸ್ ಅಂಗಡಿಯ ವಿಷಯಕ್ಕೂ ಒಪ್ಪುವ ಮಾತು ಇದು. ಪರದೆ ಬಾಡಿಗೆಯ ಬೋರ್ಡು ಹಾಕಿಕೊಂಡು ಮನುಷ್ಯರನ್ನು ಕಳಿಸುತ್ತಿದ್ದರೆ ಅವನು ಮಾಡುತ್ತಿರುವುದು ಉದ್ಯೋಗ ಏಜನ್ಸಿಯ ಕೆಲಸವೇ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಈ ವಿಷಯದಲ್ಲಿ ಮೂರು ಸಲ ಒಪ್ಪಂದಗಳನ್ನು ರಚಿಸಿದೆ. 1933ರಲ್ಲಿ ಲಾಭಕ್ಕಾಗಿ ಶುಲ್ಕ ಪಡೆಯುವ ಏಜನ್ಸಿಗಳನ್ನು ಮೂರು ವರ್ಷಗಳಲ್ಲಿ ಮುಚ್ಚಿಸಬೇಕೆಂದು ಹೇಳಿದ ಸಂಸ್ಥೆ, 1949ರಲ್ಲಿ ಬಿಗಿಯನ್ನು ಕೊಂಚ ಸಡಲಿಸಿತು. 1997ರಲ್ಲಿ ಖಾಸಗಿ ಏಜನ್ಸಿಗಳು ಇರಲಿ, ಆದರೆ ಕೆಲಸಗಾರನಿಂದ ಶುಲ್ಕ ಪಡೆಯದಿರಲಿ ಎಂಬ ನಿಲುವಿಗೆ ಬಂತು. ಈ ಕೊನೆಯ ಒಪ್ಪಂದವನ್ನು ಭಾರತ ಅನುಮೋದಿಸಿಲ್ಲ.

ನಮ್ಮಲ್ಲಿ ಇರುವ ಅಷ್ಟಿಷ್ಟು

ಹಾಗೆಂದು ನಮ್ಮ ದೇಶದಲ್ಲಿ ಏನೂ ಇಲ್ಲವೆಂದು ನಿರಾಶರಾಗಬೇಕಾಗಿಲ್ಲ. ಬೇರೆ ಬೇರೆ ಮೂಲೆಗಳಲ್ಲಿ ಒಂದೊಂದು ದೀಪ ಹಚ್ಚಿದ್ದಾರೆ.

ಪರದೇಶಕ್ಕೆ ಜನರನ್ನು ಕಳಿಸುವ ಏಜಂಟನು 1983ರ ವಲಸೆ ಕಾಯಿದೆಯಂತೆ ನೋಂದಣಿ ಪತ್ರ ಪಡೆದಿರಬೇಕು. ಅವನು ಪಡೆಯಬಹುದಾದ ಸೇವಾಶುಲ್ಕಕ್ಕೆ ಸರಕಾರ 30,000 ರೂಪಾಯಿಗಳ ಮಿತಿ ಹಾಕಿದೆ. ಅದರ ಮೇಲೆ ತೆರಿಗೆ. ಗಲ್ಫ್ ದೇಶದ ಹೋಟೆಲುಗಳಲ್ಲಿ ಹಾಡುವ, ಕುಣಿಯುವ ಕೆಲಸ ಕೊಡಿಸುತ್ತೇವೆಂದು ಬಂದವರ ಬಳಿ ಮೊದಲು ಕೇಳಬೇಕಾದದ್ದು ಈ ಪತ್ರವನ್ನು.

ಮನೆಗೆಲಸದವರನ್ನು ಒದಗಿಸುವ ಏಜನ್ಸಿಗಳ ಅನ್ಯಾಯಗಳನ್ನು ಕಂಡು ಛತ್ತೀಸಗಡ 2013ರಲ್ಲಿ, ದಿಲ್ಲಿ 2014ರಲ್ಲಿ, ಝಾರಖಂಡ 2016ರಲ್ಲಿ ಅವುಗಳಿಗೆ ಕಟ್ಟಳೆ ಹಾಕಿದವು.

ಚಲನಚಿತ್ರದ ಕಲಾವಿದರಿಗೆ 1981ರ ಕಾಯಿದೆಯೇ ಲಿಖಿತ ಕರಾರನ್ನು ಕಡ್ಡಾಯ ಮಾಡಿತ್ತು. ಅದರಲ್ಲಿ ಒಂದು ಜಾಣತನವಿತ್ತು: ಕಲಾವಿದನನ್ನು ಗುತ್ತಿಗೆದಾರನ ಮೂಲಕ ತೆಗೆದುಕೊಂಡರೆ ನಿರ್ಮಾಪಕ, ಗುತ್ತಿಗೆದಾರ ಇಬ್ಬರೂ ಕರಾರಿಗೆ ಸೇರಬೇಕು. 2020ರಲ್ಲಿ ರಚಿತವಾಗಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆ ಲಿಖಿತ ಕರಾರಿನ ಈ ರಕ್ಷಣೆಯನ್ನು ದೂರದರ್ಶನ ಧಾರಾವಾಹಿ ಮತ್ತು ಅಂತರ್ಜಾಲದ ಧಾರಾವಾಹಿಗಳಲ್ಲಿ ಕೆಲಸ ಮಾಡುವವರಿಗೂ ವಿಸ್ತರಿಸಿದೆ. ಆದರೆ ಅದು ಕ್ಯಾಮೆರಾದ ಮುಂದಿನ ಕಲಾವಿದರ ಮಾತು. ಅದೇ ಕಲಾವಿದೆ ಧಾರಾವಾಹಿಯಲ್ಲಿ ಅತ್ತರೆ ಕರಾರಿನ ರಕ್ಷಣೆ. ಜಾತ್ರೆಯ ಅಟ್ಟದ ಮೇಲೆ ಅತ್ತರೆ ಇಲ್ಲ!

ಮಕ್ಕಳ ವಿಷಯದಲ್ಲಿ ನಿಯಮಗಳು ಇನ್ನಷ್ಟು ಸ್ಪಷ್ಟವಾಗಿವೆ. ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸುವುದನ್ನು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ತಡೆಯಿತು. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆ ಹಾಗೂ ಅದರ ನಿಯಮಗಳಂತೆ, 14 ವರ್ಷದೊಳಗಿನ ಕಲಾವಿದರನ್ನು ವ್ಯಾಪಾರೀ ಕಾರ್ಯಕ್ರಮಗಳಲ್ಲಿ ತೊಡಗಿಸಲು ಜಿಲ್ಲಾ ದಂಡಾಧಿಕಾರಿಯ ಅನುಮತಿ ಬೇಕು. ದಿನಕ್ಕೆ 5 ಗಂಟೆಗಳಿಗಿಂತ ಹೆಚ್ಚು, ವಿರಾಮವಿಲ್ಲದೆ 3 ಗಂಟೆಗಳಿಗಿಂತ ಹೆಚ್ಚು ದುಡಿಸುವಂತಿಲ್ಲ. ಸತತವಾಗಿ 27 ದಿನ ಮೀರುವಂತಿಲ್ಲ. ಗಳಿಕೆಯಲ್ಲಿ ಕನಿಷ್ಠ 20 ಶೇಕಡಾ ಮಗುವಿನ ಹೆಸರಿನಲ್ಲಿ ಬ್ಯಾಂಕಿನ ಠೇವಣಿಯಾಗಬೇಕು. ಮಗುವಿನ ಹಾಡಿಗೆ ಚಪ್ಪಾಳೆ ಬೀಳುತ್ತಿರುವಾಗ ತಂದೆತಾಯಿಗಳು ಈ ನಾಲ್ಕು ಅಂಕೆಗಳನ್ನು ನೆನಪಿಡುವುದು ಹಿತ.

2024ರಲ್ಲಿ ನಮ್ಮ ವಿಧಾನಮಂಡಲ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗೆಂದು ಒಂದು ಕಾಯಿದೆಗೆ ಒಪ್ಪಿಗೆ ಕೊಟ್ಟಿತು. ಚಿತ್ರಮಂದಿರದ ಟಿಕೆಟು ಮೊದಲಾದವುಗಳ ಮೇಲೆ ಶೇಕಡಾ 1ರಿಂದ 2ರ ವರೆಗೆ ಮೇಲ್ತೆರಿಗೆ ಎತ್ತಿ ನಿಧಿ ಕೂಡಿಸುವ ಯೋಜನೆ ಅದು. ಸ್ವಾಗತಾರ್ಹವೇ. ಆದರೆ ಅದು ಕಷ್ಟ ಬಂದ ಮೇಲೆ ಕೈಹಿಡಿಯುವ ಕಾಯಿದೆ. ಕೂಲಿ ತಪ್ಪದಂತೆ ಮೊದಲೇ ಕಾಯುವ ಕಾಯಿದೆಯಲ್ಲ.

ಲೈಸೆನ್ಸ್ ಎಂದರೆ ಭಯವೇಕೆ?

“ಇನ್ನೊಂದು ಲೈಸೆನ್ಸೇ? ಇನ್ನೊಂದು ಮೇಜು, ಇನ್ನೊಬ್ಬ ಗುಮಾಸ್ತ, ಇನ್ನೊಂದು ಲಂಚ!” ಎಂದು ವಾಚಕರು ಉದ್ಗಾರ ತೆಗೆದರೆ ಆಶ್ಚರ್ಯವಿಲ್ಲ. ಈ ಆಕ್ಷೇಪಣೆಯಲ್ಲಿ ಹುರುಳಿದೆ. ಪಾರಿಜಾತ ಮೇಳದ ಭಾಗವತನೇ ವೀಳ್ಯ ಹಿಡಿಯುತ್ತಾನೆ, ತಾನೇ ಹಾಡುತ್ತಾನೆ, ಬಂದ ಬಿದಾಗಿಯನ್ನು ಹಿಮ್ಮೇಳದವರಿಗೆಲ್ಲ ಹಂಚುತ್ತಾನೆ. ಅವನನ್ನು ಉದ್ಯೋಗ ಏಜನ್ಸಿ ಎಂದು ಕರೆದು ಬೆಳಗಾವಿಯ ಕಚೇರಿಗೆ ಅಲೆದಾಡಿಸಿದರೆ, ಮೊದಲೇ ಸೊರಗಿದ ಮೇಳಗಳು ಬಾಗಿಲು ಮುಚ್ಚಿಯಾವು. ದೊಡ್ಡ ಏಜಂಟರು ಲೈಸೆನ್ಸಿನ ಚೌಕಟ್ಟನ್ನು ಗೋಡೆಗೆ ತೂಗುಹಾಕಿ ಅದೇ ಹಳೆಯ ವ್ಯವಹಾರವನ್ನು ಮುಂದುವರಿಸಿಯಾರು.

ಆದುದರಿಂದ ನಮಗೆ ತೋರುವ ದಾರಿ ಮಧ್ಯಮ ಮಾರ್ಗ. ತನ್ನ ಮೇಳವನ್ನೇ ಕರೆದುಕೊಂಡು ಬರುವ ಕಲಾವಿದನಿಗೆ ಯಾವ ಪರವಾನಗಿಯೂ ಬೇಡ. ಬೇರೆಯವರನ್ನು ಕೆಲಸಕ್ಕೆ ಕಳಿಸಿ ಪಾಲು ಪಡೆಯುವವನು ಮಾತ್ರ ತನ್ನ ಹೆಸರು, ವಿಳಾಸಗಳನ್ನು ಸರಕಾರದಲ್ಲಿ ದಾಖಲಿಸಲಿ. ಮೂರು ನಿಯಮಗಳಿಗೆ ಬದ್ಧನಾಗಲಿ. ಮೊದಲನೆಯದು, ಕೆಲಸ ಕೊಡಿಸುವ ಮೊದಲು ಕಲಾವಿದರಿಂದ ಕಾಸು ಪಡೆಯಬಾರದು. ಎರಡನೆಯದು, ಕರೆಸಿದವರು ಕೊಟ್ಟ ಮೊತ್ತವೆಷ್ಟು, ತನ್ನ ಪಾಲೆಷ್ಟು ಎಂಬುದನ್ನು ಎರಡೂ ಕಡೆಯವರಿಗೆ ತಿಳಿಸಬೇಕು. ಮೂರನೆಯದು, ಕಲಾವಿದೆ ತನ್ನ ಮನೆಯನ್ನು ಮರಳಿ ಮುಟ್ಟುವವರೆಗೆ ಹೊಣೆ ಅವನದು. ಇಂಗ್ಲೆಂಡು ಲೈಸೆನ್ಸನ್ನು ಬಿಟ್ಟರೂ ನಿಯಮಗಳನ್ನು ಬಿಡಲಿಲ್ಲವೆಂಬುದು ಇಲ್ಲಿ ನೆನಪಿಡತಕ್ಕ ಪಾಠ.

ಕಾಯಿದೆ ಬರುವ ತನಕ

ಈ ಮಾತು ಜಾತ್ರೆಯವರಿಗೆ ಮಾತ್ರ ಸಂಬಂಧಿಸಿದ್ದೆಂದು ಪಟ್ಟಣದ ವಾಚಕರು ಪುಟ ತಿರುವಬೇಕಾಗಿಲ್ಲ. ಮದುವೆಯ ಆರತಕ್ಷತೆಗೆ ವಾದ್ಯವೃಂದವನ್ನು ಕರೆಸುವವರು ನೀವೇ. ನಿಮ್ಮ ಬಡಾವಣೆಯ ಗಣೇಶೋತ್ಸವದ ಕಮಿಟಿಯಲ್ಲಿ ಖಜಾಂಚಿಯಾದವರೂ ನೀವೇ. ನಿಮ್ಮ ಮಗಳು ಚೆನ್ನಾಗಿ ಹಾಡುತ್ತಾಳೆಂದು ತಿಳಿದು, “ಟಿ.ವಿ.ಯಲ್ಲಿ ಅವಕಾಶ ಕೊಡಿಸುತ್ತೇವೆ, ರಿಜಿಸ್ಟ್ರೇಶನ್ ಫೀ ಇಷ್ಟು, ಫೋಟೋ ಆಲ್ಬಮ್ಮಿಗೆ ಇಷ್ಟು” ಎಂದು ಬರುವವರೂ ನಿಮ್ಮ ಮನೆಗೇ ಬರುತ್ತಾರೆ. ಅವಕಾಶಕ್ಕೆ ಮೊದಲು ಹಣ ಕೇಳುವವನ ವ್ಯಾಪಾರ ಅವಕಾಶ ಕೊಡಿಸುವುದಲ್ಲ, ಹಣ ಕೇಳುವುದೇ ಎಂದು ತಿಳಿಯಿರಿ.

ಸಹಿ ಹಾಕುವ ಮುನ್ನ ಕರಾರಿನ ಅವಧಿಯನ್ನು ನೋಡಿರಿ. ಅವಧಿ ಮುಗಿದ ಮೇಲೂ ನಮ್ಮ ಮೂಲಕವೇ ಕೆಲಸ ಮಾಡಬೇಕೆಂಬ ಷರತ್ತಿದ್ದರೆ ಹೆದರಬೇಕಾದದ್ದಿಲ್ಲ. ನ್ಯಾಯಸಮ್ಮತ ವೃತ್ತಿಗೆ ಅಡ್ಡಿಮಾಡುವ ಕರಾರು ಅಷ್ಟರಮಟ್ಟಿಗೆ ಅಸಿಂಧು ಎಂದು 1872ರ ಕರಾರು ಕಾಯಿದೆಯ 27ನೆಯ ಕಲಮು ಹೇಳುತ್ತದೆ. ಕ್ರಿಕೆಟ್ ಆಟಗಾರ ಜಹೀರ್ ಖಾನ್ ಮತ್ತು ಅವರ ವ್ಯವಹಾರ ನೋಡುತ್ತಿದ್ದ ಏಜನ್ಸಿಯ ನಡುವಣ ವ್ಯಾಜ್ಯದಲ್ಲಿ, ಕರಾರು ಮುಗಿದ ಬಳಿಕವೂ ಆಟಗಾರನನ್ನು ಕಟ್ಟಿಹಾಕುವ ಷರತ್ತನ್ನು ಜಾರಿ ಮಾಡಲು ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ನಿರಾಕರಿಸಿತು.

ಕಲಾವಿದರನ್ನು ಕರೆಸುವವರಿಗೆ ಒಂದು ಸೂಚನೆ. ಬಾಯಿಮಾತಿನ ಕರಾರೂ ಕಾಯಿದೆಯ ದೃಷ್ಟಿಯಲ್ಲಿ ಕರಾರೇ. ಅದನ್ನು ಸಿದ್ಧಮಾಡಿ ತೋರಿಸುವುದು ಮಾತ್ರ ಕಷ್ಟ. ಆದುದರಿಂದ ಒಂದು ಹಾಳೆಯ ವೀಳ್ಯಪತ್ರ ಬರೆಯಿರಿ: ದಿನ, ಊರು, ಪಾತ್ರ ಅಥವಾ ಕಾರ್ಯಕ್ರಮ, ಒಟ್ಟು ಮೊತ್ತ, ಕೊಟ್ಟ ಸಂಚಕಾರ, ಏಜಂಟನ ಪಾಲು, ಊಟ ಬಿಡಾರ, ಹೋಗಿಬರುವ ಖರ್ಚು, ಕಾರ್ಯಕ್ರಮ ರದ್ದಾದರೆ ಏನೆಂಬುದು. ಮೂವರೂ ಸಹಿ ಹಾಕಲಿ, ಮೂವರಲ್ಲಿಯೂ ಒಂದೊಂದು ಪ್ರತಿ ಇರಲಿ. ಉಳಿದ ಹಣವನ್ನು ಏಜಂಟನ ಕೈಗೆ ಕೊಡದೆ ಕಲಾವಿದರ ಬ್ಯಾಂಕಿನ ಖಾತೆಗೇ ಕಳಿಸಿರಿ. ಈಗ ಅದು ಕೈಯೊಳಗಿನ ದೂರವಾಣಿಯಿಂದಲೇ ಆಗುವ ಕೆಲಸ, ದಾಖಲೆಯೂ ಉಳಿಯುತ್ತದೆ. ಜಾನಪದ ಅಥವಾ ಶಾಸ್ತ್ರೀಯ ಸಂಗೀತ, ನೃತ್ಯ, ನಾಟಕಗಳ ಕಲಾವಿದ ಒಂದು ಪ್ರದರ್ಶನಕ್ಕೆ ಪಡೆಯುವ ಸಂಭಾವನೆ ಒಂದೂವರೆ ಲಕ್ಷ ರೂಪಾಯಿ ಮೀರದಿದ್ದರೆ ಅದಕ್ಕೆ ಜಿ.ಎಸ್.ಟಿ. ವಿನಾಯಿತಿಯಿದೆ. ತೆರಿಗೆಯ ನೆಪ ಹೇಳಿ ಅವರ ಬಿದಾಗಿಯನ್ನು ಕಡಿಯಲು ಯಾರಿಗೂ ಅವಕಾಶ ಕೊಡಬೇಡಿರಿ.

ನಮ್ಮ ಹಿರಿಯರು ಅಡಿಕೆಯ ಒಂದು ಹೋಳಿನಲ್ಲಿ ಇಡುತ್ತಿದ್ದ ನಂಬಿಕೆಯನ್ನು ನಾವು ಕಾಗದದ ಒಂದು ಹಾಳೆಯಲ್ಲಿ ಇಡಬೇಕಾಗಿದೆ. ಇದರಿಂದ ಕಲೆಯ ಗೌರವ ಕುಗ್ಗೀತೆಂದು ಕೆಲವರು ಅಳುಕುತ್ತಾರೆ. ಆದರೆ ಸತ್ಯಭಾಮೆಯ ವೇಷ ಕಳಚಿದ ಮೇಲೆ ಅವಳು ಮನೆಗೆ ಅಕ್ಕಿ ಜೋಳ ಒಯ್ಯಬೇಕಾದ ಹೆಣ್ಣುಮಗಳು. ಅವಳ ಕೂಲಿ ಅವಳ ಕೈಗೆ ನೆಟ್ಟಗೆ ಸೇರುವಂತೆ ನೋಡಿಕೊಳ್ಳುವುದಕ್ಕಿಂತ ದೊಡ್ಡದಾದ ಕಲಾಗೌರವ ಬೇರೊಂದಿಲ್ಲ.